ಸತ್ತವನಿಗೆ ಊರು ತೋರಿಸಿದ್ದು

ಬಾವುಬಾವು, ಬುಟನ್ ದ್ವೀಪ
14 ಏಪ್ರಿಲ್ 1994

ಹಡಗಿನ ಅಡುಗೆಯವರಾದ ಲಾ ಸಾಮಿರಿಯವರಿಗೆ,

‘ಅಪ್ಪನಿಗೆ’ ಎಂದು ಬರೆದು ಎರಡು ಹಾಳೆ ಹರಿದೆ. ಮೂರನೆಯದನ್ನೂ ದಂಡ ಮಾಡುವ ಮನಸ್ಸಿಲ್ಲ. ನಾನು ವಾ ಜಲಿಹಾ, ವಾ ಅಸೀನಾಳ ಮಗಳು. ನಿಮ್ಮ ಮಗಳೂ ಹೌದು. ಅದನ್ನು ಒಂದೇ ಸಲ ಬರೆಯುತ್ತೇನೆ.

ಸುರಬಾಯಾದಿಂದ ಬರುವ ನಿಮ್ಮ ಹಡಗು ಎರಡು ವಾರಕ್ಕೊಂದು ಗುರುವಾರ ನಮ್ಮ ಬಂದರಿನಲ್ಲಿ ಒಂಬತ್ತರಿಂದ ಹನ್ನೆರಡರವರೆಗೆ ನಿಲ್ಲುತ್ತದೆ. ಮುಂದೆ ಅಂಬೋನಿಗೆ ಹೋಗುವ ಪ್ರಯಾಣಿಕರು ಆ ಮೂರು ಗಂಟೆಯಲ್ಲಿ ಕೆಳಗಿಳಿದು ಊರು ನೋಡುತ್ತಾರೆ. ಅವರಿಗೆ ಕೋಟೆ, ಹಳೆಯ ಮಸೀದಿ, ಫಿರಂಗಿಗಳನ್ನು ತೋರಿಸಿ, ಹಡಗು ಕೂಗುವುದರೊಳಗೆ ವಾಪಸು ತಂದು ಬಿಡುವುದು ನನ್ನ ಕೆಲಸ. ಕಳೆದ ತಿಂಗಳು ನಿಮ್ಮ ಹಡಗಿನ ಒಬ್ಬ ಅಧಿಕಾರಿ ನನ್ನ ವ್ಯಾನಿನಲ್ಲಿ ಬಂದಿದ್ದ. ‘ನಮ್ಮ ಅಡುಗೆಯವನೂ ಈ ಊರಿನವನೇ. ಎಡಗಿವಿ ಅರ್ಧ ಇಲ್ಲ. ಎಂಟು ವರ್ಷದಿಂದ ಇದೇ ಹಡಗಲ್ಲಿದಾನೆ, ಈ ಬಂದರಲ್ಲಿ ಮಾತ್ರ ಇಳಿಯಲ್ಲ, ವಿಚಿತ್ರ ಮನುಷ್ಯ’ ಎಂದ. ಹೆಸರು ಕೇಳಿದೆ. ಹೇಳಿದ. ಆಮೇಲೆ ಅವನಿಗೆ ನಾನು ಕೋಟೆಯ ಯಾವ ಬಾಗಿಲು ತೋರಿಸಿದೆನೋ ನೆನಪಿಲ್ಲ.

ನಿಮಗೆ ತಿಳಿದಿರಲಿ. 1981ರಲ್ಲಿ ನಿಮ್ಮ ದೋಣಿ ಬಂಡಾ ಸಮುದ್ರದಲ್ಲಿ ಮುಳುಗಿತೆಂದು ಸುದ್ದಿ ಬಂದಾಗ ಆರು ಜನರ ಮನೆಯಲ್ಲೂ ಅತ್ತರು. ನಮ್ಮದು ಕಡಲಿಗೆ ಹೋಗುವವರ ಕೇರಿ. ಹೆಣ ಸಿಗಲಿ ಎಂದು ಕಾಯುತ್ತ ಕೂತರೆ ಯಾರಿಗೂ ಗೋರಿಯಾಗುವುದಿಲ್ಲ. ನೀವು ಉಡುತ್ತಿದ್ದ ಸರೋಂಗು ಪಂಚೆ, ಟೋಪಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅಂಗಳದಲ್ಲಿ ಹೂತು ಕಲ್ಲು ನೆಟ್ಟರು. ಮೂರು, ಏಳು, ನಲವತ್ತು, ನೂರು ದಿನಗಳ ಊಟ ಹಾಕಿದರು. ನನಗಾಗ ಒಂಬತ್ತು ವರ್ಷ. ಅಮ್ಮ ಇವತ್ತಿಗೂ ಪ್ರತಿ ಶುಕ್ರವಾರ ಆ ಕಲ್ಲಿಗೆ ನೀರು ಹಾಕುತ್ತಾಳೆ. ನಿಮ್ಮ ವಿಷಯ ಅವಳಿಗೆ ಗೊತ್ತಿಲ್ಲ, ಗೊತ್ತಾಗಲೂ ಕೂಡದು.

ಜುಲೈ ಹತ್ತಕ್ಕೆ ನನ್ನ ಮದುವೆ. ಹುಡುಗ ತಮ್ರಿನ್, ಕೋಟೆಯೊಳಗಿನ ಮನೆತನ. ಹುಡುಗಿಯನ್ನು ವಲಿಯಾಗಿ ಕೂತು ಒಪ್ಪಿಸಿಕೊಡಬೇಕಾದವನು ತಂದೆ. ತಂದೆ ಸತ್ತಿದ್ದರೆ, ಅಜ್ಜ, ಅಣ್ಣತಮ್ಮ ಯಾರೂ ಇಲ್ಲದ ನನಗೆ, ಅವನ ಅಣ್ಣ. ದೊಡ್ಡಪ್ಪ ಲಾ ಕಾಸಿಮು ಹೊಸ ಅಂಗಿ ಹೊಲಿಸಿಕೊಂಡು ತಯಾರಾಗಿದ್ದಾರೆ. ಆದರೆ ನೀವು ಬದುಕಿದ್ದೀರಿ. ಬದುಕಿರುವ ತಂದೆಯನ್ನು ಬಿಟ್ಟು ದೊಡ್ಡಪ್ಪ ಕೂತರೆ ಆ ಮದುವೆ ಮದುವೆಯೇ ಅಲ್ಲ. ನನಗೆ ಅದು ಗೊತ್ತಿದ್ದೂ ಕೂರಲಾರೆ. ಆದ್ದರಿಂದ ನೀವು ಮಾಡಬೇಕಾದ್ದು ಇಷ್ಟೆ: ‘ನನ್ನ ಬದಲು ಅಣ್ಣ ಕೂರಲಿ’ ಎಂದು ಬರೆದು, ಸುರಬಾಯಾದಲ್ಲಿ ವಿವಾಹದ ಕಚೇರಿಯವರ ಮುಂದೆ ಸಹಿ ಹಾಕಿ ಕಳಿಸಿ. ಅದನ್ನು ಗುಟ್ಟಾಗಿ ಇಲ್ಲಿನ ಅಧಿಕಾರಿಗೆ ಕೊಡುತ್ತೇನೆ. ಮತ್ತೆ ಸತ್ತೇ ಇರಿ.

ಹಡಗಿನ ಏಣಿಯ ಕಾವಲುಗಾರನ ಕೈಗೆ ಈ ಕಾಗದ ಕೊಡುತ್ತಿದ್ದೇನೆ. ಉತ್ತರವೂ ಅವನ ಕೈಯಲ್ಲೇ ಬರಲಿ.

ವಾ ಜಲಿಹಾ


ಹಡಗಿನಿಂದ
28 ಏಪ್ರಿಲ್ 1994

ಮಗಳೇ ಜಲಿಹಾ,

ಅಡುಗೆಯವನ ಕೈ, ಅಕ್ಷರ ದಪ್ಪ. ಸಹಿಸಿಕೋ.

ನಿನ್ನ ಕಾಗದವನ್ನು ಈರುಳ್ಳಿ ಚೀಲದ ಮೇಲೆ ಕೂತು ಓದಿದೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಜೊತೆಯವರು ಈರುಳ್ಳಿ ಎಂದುಕೊಂಡರು, ನಾನೂ ಹಾಗೇ ಎಂದುಕೊಂಡೆ. ನಡೆದದ್ದನ್ನು ಹೇಳಿಬಿಡುತ್ತೇನೆ. ದೋಣಿ ಹೊರಡುವ ದಿನ ನಾನು ಜಾವಾದ ಗ್ರೆಸಿಕ್‌ನಲ್ಲಿ ಉಳಿದುಕೊಂಡೆ. ಅಲ್ಲಿ ಒಬ್ಬಳಿದ್ದಳು. ಒಂದು ತಿಂಗಳು ಬಿಟ್ಟು ಬರೋಣವೆಂದಿದ್ದೆ. ಅಷ್ಟರಲ್ಲಿ ದೋಣಿ ಮುಳುಗಿದ ಸುದ್ದಿ ಬಂತು. ಐದು ಜನ ಸತ್ತು ನಾನೊಬ್ಬನೇ ಬದುಕಿ ಬಂದು ನಿಂತರೆ ಆ ಐದು ಮನೆಯವರಿಗೆ ಏನು ಹೇಳಲಿ? ನಿನ್ನಮ್ಮನಿಗೆ ಏನು ಹೇಳಲಿ? ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುತ್ತ ಹದಿಮೂರು ವರ್ಷವಾಯಿತು. ಗ್ರೆಸಿಕ್‌ನವಳೂ ಈಗಿಲ್ಲ, ಬೇರೆ ಮದುವೆಯಾಗಿ ಹೋದಳು.

ಸಹಿ ಹಾಕುತ್ತೇನೆ. ಆದರೆ ನನ್ನದೂ ಒಂದು ಮಾತು. ಎಂಟು ವರ್ಷದಿಂದ ಅಡುಗೆಮನೆಯ ದುಂಡು ಕಿಟಕಿಯಲ್ಲಿ ನನ್ನ ಊರನ್ನು ನೋಡುತ್ತಿದ್ದೇನೆ. ಅದರಲ್ಲಿ ಬಂದರಿನ ಗೋದಾಮು, ಅರ್ಧ ಗುಡ್ಡ, ಇಷ್ಟೇ ಕಾಣುವುದು. ಸಿಕ್ಕ ಸಿಕ್ಕವರಿಗೆಲ್ಲ ಊರು ತೋರಿಸುತ್ತೀಯಂತೆ. ನನಗೂ ಒಂದು ಸಲ ತೋರಿಸು. ಯಾತ್ರಿಕರ ಗುಂಪಿನಲ್ಲಿ ಒಬ್ಬನಾಗಿ ಬರುತ್ತೇನೆ.

ನಿನ್ನ ತಂದೆ
ಲಾ ಸಾಮಿರಿ


ಬಾವುಬಾವು
12 ಮೇ 1994

ಲಾ ಸಾಮಿರಿಯವರಿಗೆ,

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರೆ. ಎಂಟು ವರ್ಷದಲ್ಲಿ ಇನ್ನೂರು ಸಲ ಊರಿಗೆ ಬಂದು ನೆಲಕ್ಕೆ ಕಾಲಿಡದವರನ್ನು ನಾನು ಈಗ ನೋಡುತ್ತಿದ್ದೇನೆ. ಈಗೇಕೆ ಆಸೆ? ಮಗಳಿಗೆ ನಿಮ್ಮಿಂದ ಒಂದು ಕೆಲಸವಾಗಬೇಕಾದ ಹೊತ್ತು ನೋಡಿ ಆಸೆ ಹುಟ್ಟಿತು. ಹಿಡಿದುಕೊಂಡ ಜುಟ್ಟು ಬಿಡಬಾರದೆಂಬ ಬುದ್ಧಿ ಅಡುಗೆಮನೆಯಲ್ಲಿ ಕಲಿತದ್ದೋ, ಹುಟ್ಟುಗುಣವೋ?

ಬನ್ನಿ. ಮೇ ಇಪ್ಪತ್ತಾರರ ಗುರುವಾರ ವ್ಯಾನಿನಲ್ಲಿ ಒಂದು ಜಾಗ ಇಟ್ಟಿರುತ್ತೇನೆ. ಕಿವಿ ಮುಚ್ಚುವ ಟೋಪಿ ಹಾಕಿಕೊಳ್ಳಿ. ಕಪ್ಪು ಕನ್ನಡಕ ಹಾಕಿಕೊಳ್ಳಿ. ಬಾಯಿ ತೆರೆಯಬೇಡಿ; ನಿಮ್ಮ ಮಾತಿನ ಧಾಟಿ ಮೀನಿನ ಪೇಟೆಯ ಮುದುಕರಿಗೆ ಗೊತ್ತಾಗುತ್ತದೆ. ನನ್ನನ್ನು ಮಗಳೇ ಎಂದು ಕರೆದರೆ ಅಲ್ಲೇ ಇಳಿಸಿ ಹೋಗುತ್ತೇನೆ. ಏನು ನೋಡಬೇಕೆಂದು ನೀವು ಹೇಳುವಂತಿಲ್ಲ. ನಾನು ತೋರಿಸಿದ್ದನ್ನು ನೋಡಬೇಕು. ಸಹಿ ಹಾಕಿದ ಪತ್ರ ಜೇಬಿನಲ್ಲಿರಲಿ.

ವಾ ಜಲಿಹಾ


ಅಂಬೋನ್
28 ಮೇ 1994

ಜಲಿಹಾ,

ಇಪ್ಪತ್ತು ವರ್ಷ ಕಡಲಲ್ಲಿ ಉಪ್ಪುನೀರು ಕುಡಿದವನು ನಾನು. ನಿನ್ನ ವ್ಯಾನಿನಲ್ಲಿ ಕೂತಷ್ಟು ಹೊತ್ತು ಮುಳುಗಿದ ಹಾಗೆ ಯಾವತ್ತೂ ಅನ್ನಿಸಿರಲಿಲ್ಲ.

ಆ ಮೇಷ್ಟ್ರು ದಂಪತಿ, ಆ ಬಟ್ಟೆ ವ್ಯಾಪಾರಿ ಕೋಟೆ ನೋಡಲು ಬಂದವರು. ನೀನು ಮೊದಲು ನಿಲ್ಲಿಸಿದ್ದು ಮೀನಿನ ಪೇಟೆಯಲ್ಲಿ. ‘ಇಲ್ಲಿ ನೋಡಿ, ಈ ಮೂರನೇ ಕಟ್ಟೆ. ಗಂಡ ಮುಳುಗಿದ ನಲವತ್ತೊಂದನೇ ದಿನಕ್ಕೆ ಒಬ್ಬ ಹೆಂಗಸು ಇಲ್ಲಿ ಮೀನು ಮಾರೋಕೆ ಕೂತ್ಲು. ಇವತ್ತಿಗೂ ಎದ್ದಿಲ್ಲ’ ಎಂದೆ. ಮೇಷ್ಟ್ರ ಹೆಂಡತಿ ‘ಪಾಪ’ ಎಂದರು. ‘ಪಾಪ ಏನಿಲ್ಲಮ್ಮ, ಕೈ ಚುರುಕು. ಗಂಡ ಇದ್ದಿದ್ರೆ ಇಷ್ಟು ಚುರುಕಾಗ್ತಿರ್ಲಿಲ್ಲ’ ಎಂದು ನನ್ನ ಕಡೆ ನೋಡದೆ ಹೇಳಿದೆ.

ಆಮೇಲೆ ಶಾಲೆ. ‘ಇದ್ರಲ್ಲಿ ನೋಡೋಕೆ ಏನಿದೆ ಅಂತೀರಾ? ಏನಿಲ್ಲ. ಅಪ್ಪ ಇಲ್ಲದ ಮಕ್ಕಳಿಗೆ ಪುಸ್ತಕ ಪುಕ್ಕಟೆ ಕೊಡೋರು. ಅಪ್ಪ ಇಲ್ಲದೋರು ಕೈ ಎತ್ತಿ ಅನ್ನೋರು. ಆರು ವರ್ಷ ಎತ್ತಿದೀನಿ. ಅದಕ್ಕೇ ನೋಡಿ, ನನ್ನ ಈ ಕೈ ಒಂಚೂರು ಉದ್ದ.’ ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು.

ಪಾಪ ಆ ವ್ಯಾಪಾರಿಗೆ ತಾಳ್ಮೆ ತಪ್ಪಿತು. ‘ಕೋಟೆ ಯಾವಾಗ ಬರುತ್ತಮ್ಮ?’

‘ಬರುತ್ತೆ ಸಾರ್. ಅದಕ್ಕೆ ಕಾಲಿಲ್ಲ, ಎಲ್ಲೂ ಓಡಿಹೋಗಲ್ಲ.’

ಕೊನೆಗೆ ಕೋಟೆ ಗೋಡೆಯ ಮೇಲೆ ನಿಂತು ನೋಡಿದೆ. ಕೆಳಗೆ ಜಲಸಂಧಿ, ಆಚೆ ಪುಟ್ಟ ದ್ವೀಪ, ನನ್ನ ಹಡಗು. ಅಷ್ಟು ಚಂದದ ಊರು ಎಂದು ಮರೆತೇಹೋಗಿತ್ತು. ಅದನ್ನಾದರೂ ಐದು ನಿಮಿಷ ನೋಡಲು ಬಿಟ್ಟೆಯಾ? ಇಲ್ಲ. ‘ಬನ್ನಿ ಬನ್ನಿ, ಮುಖ್ಯವಾದ್ದು ಬಾಕಿ ಇದೆ’ ಎಂದು ಕೋಟೆಯ ಬಾಗಿಲ ಕೆಳಗಿನ ಮನೆಗೆ ಕರೆತಂದೆ. ನನ್ನ ಮನೆಗೆ. ಅಂಗಳದ ಕಲ್ಲಿನ ಮುಂದೆ ನಿಲ್ಲಿಸಿದೆ.

‘ಇದು ಯಾವ ಸುಲ್ತಾನನದು?’ ಎಂದರು ಮೇಷ್ಟ್ರು.

‘ಸುಲ್ತಾನನದಲ್ಲ ಸಾರ್. ಒಬ್ಬ ನಾವಿಕನದು. ಒಳಗೆ ಒಂದು ಸರೋಂಗು, ಒಂದು ಟೋಪಿ ಇದೆ. ಅವನಿಲ್ಲ.’

ಕಲ್ಲಿನ ಮೇಲೆ ನನ್ನ ಹೆಸರು. ಅದರ ಕೆಳಗೆ ನಾನು ಸತ್ತ ದಿನ. ಕಲ್ಲು ಹಸಿಯಾಗಿತ್ತು. ನೀರು ಹಾಕುವುದು ಶುಕ್ರವಾರ ಎಂದಿದ್ದೆಯಲ್ಲ, ಗುರುವಾರವೂ ಹಾಕುತ್ತಾಳೆಂದು ಯಾಕೆ ಬರೆಯಲಿಲ್ಲ?

ಆಗ ಅಸೀನಾ ಹೊರಗೆ ಬಂದಳು. ತಲೆ ಬೆಳ್ಳಗಾಗಿದೆ. ‘ಬಿಸಿಲಲ್ಲಿ ಯಾಕೆ ನಿಂತಿದೀರಿ? ಜಲಿಹಾ, ನಿನಗೆ ಬುದ್ಧಿ ಬೇಡ್ವಾ? ಬನ್ನಿ ಒಳಗೆ’ ಎಂದು ಎಲ್ಲರನ್ನೂ ಕೂರಿಸಿ, ಮರಗೆಣಸು ತುರಿದು ಬೇಯಿಸಿದ ಕಸೋಆಮಿ, ಹುಳಿ ಮೀನುಸಾರು ಬಡಿಸಿದಳು. ವ್ಯಾಪಾರಿ ಬಾಯಿ ಸುಮ್ಮನಿರದೆ ‘ನಿಮ್ಮ ಯಜಮಾನರು ಹೇಗಿದ್ರಮ್ಮ?’ ಎಂದು ಕೇಳಿದ.

‘ಬದುಕಿದ್ದಾಗ ಅಷ್ಟಕ್ಕಷ್ಟೆ. ಸತ್ತ ಮೇಲೆ ಒಳ್ಳೇವ್ರಾದ್ರು. ಈಗ ನಾನು ಹೇಳಿದ್ದೆಲ್ಲಾ ಕೇಳ್ತಾರೆ.’

ನಾನು ತಲೆ ತಗ್ಗಿಸಿ ಉಂಡೆ. ಅವಳು ನನ್ನನ್ನು ಒಂದು ಸಲವೂ ನೇರವಾಗಿ ನೋಡಲಿಲ್ಲ.

ಪತ್ರ ಜೇಬಿನಲ್ಲಿತ್ತು. ಬಂದರಿನಲ್ಲಿ ನೀನು ಕೈ ಚಾಚಿದಾಗ ಕೊಡದೆ ಏಣಿ ಹತ್ತಿದೆ, ಬೇಕೆಂದೇ ಹತ್ತಿದೆ. ಮಗಳ ಮದುವೆಯಲ್ಲಿ ಬೇರೆಯವನು ಯಾಕೆ ಕೂರಬೇಕು? ನಾನು ಬದುಕಿದ್ದೇನೆ. ಆ ಕಲ್ಲು ನೋಡಿದ ಮೇಲೆ, ಬದುಕಿದ್ದೇನೆಂದು ಯಾರ ಮುಂದಾದರೂ ಕೂಗಬೇಕೆನ್ನಿಸುತ್ತಿದೆ. ಜುಲೈ ಹತ್ತಕ್ಕೆ ರಜೆ ಹಾಕಿ ನಾನೇ ಬಂದು ಕೂರುತ್ತೇನೆ.

ಲಾ ಸಾಮಿರಿ


ಬಾವುಬಾವು
9 ಜೂನ್ 1994

ಲಾ ಸಾಮಿರಿಯವರಿಗೆ,

ಬಂದು ಕೂರುತ್ತೀರಾ? ಎಲ್ಲಿ, ನಿಮ್ಮ ಗೋರಿಯ ಪಕ್ಕದಲ್ಲಾ?

ನೀವು ಬಂದು ನಿಂತರೆ ಏನಾಗುತ್ತದೆಂದು ಬಿಡಿಸಿ ಹೇಳುತ್ತೇನೆ, ಅಡುಗೆಯವರಿಗೂ ಅರ್ಥವಾಗುವ ಹಾಗೆ. ಇವತ್ತು ಅಮ್ಮ ಈ ಕೇರಿಯಲ್ಲಿ ಕಡಲು ನುಂಗಿದವನ ಹೆಂಡತಿ. ಮದುವೆ ಮನೆಯಲ್ಲಿ ಅವಳಿಗೆ ಮೊದಲ ಸಾಲು. ಆ ಐದು ಮನೆಯ ಹೆಂಗಸರು ಅವಳ ಜೊತೆ ಒಂದೇ ಚಾಪೆಯಲ್ಲಿ ಕೂತು ಹದಿಮೂರು ವರ್ಷ ಅತ್ತಿದ್ದಾರೆ. ನೀವು ಬಾಗಿಲಲ್ಲಿ ಕಾಣಿಸಿಕೊಂಡ ಕ್ಷಣ ಅವಳು ಗಂಡ ಬಿಟ್ಟುಹೋದವಳು. ಅವಳ ಕಣ್ಣೀರೆಲ್ಲ ನಗೆಪಾಟಲು. ‘ಇವಳ ಗಂಡ ಜಾವಾದಲ್ಲಿ ಒಬ್ಬಳ ಜೊತೆ ಇದ್ದಾಗ ಇವಳಿಲ್ಲಿ ಕಲ್ಲಿಗೆ ನೀರು ಹಾಕ್ತಿದ್ಲಂತೆ’ ಎಂದು ಮೀನಿನ ಪೇಟೆಯಲ್ಲಿ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಕೂಗಬೇಕೆನ್ನಿಸಿದರೆ ನಡುಗಡಲಲ್ಲಿ ಕೂಗಿಕೊಳ್ಳಿ.

ಇನ್ನೊಂದು ವಿಷಯ. ಪೇಟೆಯಲ್ಲಿ ಕಟ್ಟೆ ಖಾಲಿ ಕಂಡಾಗ ಅಮ್ಮ ಮೀನು ತರಲು ಹೋಗಿರಬೇಕು ಎಂದುಕೊಂಡೆ, ಮನೆಯಲ್ಲಿರುತ್ತಾಳೆಂದು ತಿಳಿದಿದ್ದರೆ ನಿಮ್ಮನ್ನು ಅಲ್ಲಿಗೆ ತರುತ್ತಿರಲಿಲ್ಲ. ಆ ದಿನ ನಿಮ್ಮೆಲ್ಲರನ್ನೂ ಬಿಟ್ಟು ನಾನು ಮನೆಗೆ ಬಂದಾಗ ಅಮ್ಮ ತಟ್ಟೆ ತೊಳೆಯುತ್ತಿದ್ದಳು.

‘ಕನ್ನಡಕದವರು ಸಾರಿಗೆ ಉಪ್ಪು ಕಮ್ಮಿ ಅಂದ್ರಾ?’

‘ಇಲ್ಲಮ್ಮ, ಯಾರೂ ಏನೂ ಅನ್ಲಿಲ್ಲ.’

‘ಅನ್ಲಿಲ್ಲ. ಯಾರನ್ನೂ ಕೇಳದೆ ಕಂಬದ ಹಿಂದಕ್ಕೆ ಕೈ ಹಾಕಿ ಉಪ್ಪಿನ ಬಟ್ಟಲು ತಗೊಂಡ್ರು.’

ಅಷ್ಟೇ ಅಂದಳು. ಮತ್ತೆ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವಳಿಗೆ ಗೊತ್ತಾಯಿತೋ ಇಲ್ಲವೋ ಎಂದು ನೋಡುತ್ತ ನನಗೆ ಹದಿನಾಲ್ಕು ದಿನದಿಂದ ಊಟ ಸೇರುತ್ತಿಲ್ಲ. ಮರುದಿನ ಶುಕ್ರವಾರ ಎಂದಿನಂತೆ ಕಲ್ಲಿಗೆ ನೀರು ಹಾಕಿದಳು. ಕಳೆದ ಶುಕ್ರವಾರ ಹಾಕಲಿಲ್ಲ. ಸೊಂಟ ನೋವು ಎಂದಳು.

ಮೀನಿನ ಪೇಟೆ, ಶಾಲೆ ತೋರಿಸಿದ್ದಕ್ಕೆ ನೊಂದುಕೊಂಡಿದ್ದೀರಿ. ನೋಯಲಿ ಎಂದೇ ತೋರಿಸಿದೆ. ಆದರೆ ಒಂದು ನಿಜ ಹೇಳುತ್ತೇನೆ. ನೀವು ಗೋಡೆಯ ಮೇಲೆ ನಿಂತು ಕನ್ನಡಕ ತೆಗೆದು ಊರು ನೋಡುತ್ತಿದ್ದಾಗ ನಿಮ್ಮ ಬೆನ್ನು ನನ್ನ ಬೆನ್ನಿನ ಹಾಗೇ ಕಂಡಿತು. ಅದಕ್ಕೇ ಬೇಗ ಹೊರಡಿಸಿದೆ. ಆ ಐದು ನಿಮಿಷ ಕೊಟ್ಟಿದ್ದರೆ ನಾನು ಸೋಲುತ್ತಿದ್ದೆ. ನಾನು ಸೋಲಲಾರೆ, ಅಮ್ಮನ ಪಾಲಿಗೆ ನಾನೊಬ್ಬಳೇ ಇರುವುದು.

ಪತ್ರ ಕಳಿಸಿ. ಕಳಿಸದಿದ್ದರೆ ಮದುವೆ ಇಲ್ಲ. ತಮ್ರಿನ್‌ಗೆ ನಾನೇ ಹೋಗಿ ‘ಬೇಡ’ ಎನ್ನುತ್ತೇನೆ, ಕಾರಣ ಹೇಳುವುದಿಲ್ಲ. ಅಮ್ಮನ ಬಾಳನ್ನು ಹಾಳು ಮಾಡಿದಿರಿ. ನನ್ನದನ್ನೂ ಮಾಡುವ ಆಸೆಯಿದ್ದರೆ ನಿಮ್ಮ ಇಷ್ಟ.

ವಾ ಜಲಿಹಾ


ಹಡಗಿನಿಂದ
23 ಜೂನ್ 1994

ಜಲಿಹಾ,

ಪತ್ರ ಇದರೊಂದಿಗಿದೆ. ಹಿಂದಿನದಕ್ಕೆ ಕಚೇರಿಯ ಮೊಹರು ಇರಲಿಲ್ಲ. ಹೌದು, ಆ ದಿನ ಕೊಟ್ಟಿದ್ದರೂ ಅದು ಕೆಲಸಕ್ಕೆ ಬರುತ್ತಿರಲಿಲ್ಲ. ಬೈದುಕೋ. ಈ ಸಲ ಸುರಬಾಯಾದಲ್ಲಿ ಸರಿಯಾಗಿ ಮಾಡಿಸಿದ್ದೇನೆ. ಅಲ್ಲಿನ ಗುಮಾಸ್ತ ‘ಬಂದರಿಗೆ ನೀವೇ ಹೋಗ್ತಾ ಇರ್ತೀರಲ್ಲ, ನೀವೇ ಕೂತ್ಕೋಬಹುದಲ್ಲ?’ ಎಂದ. ಸೊಂಟ ನೋವು ಎಂದೆ.

ನಿನ್ನ ನಾಲಿಗೆ ನನ್ನ ತಾಯಿಯದು. ಅವಳೂ ಹೀಗೇ, ಸುಟ್ಟ ಮೇಲೆ ಉಪ್ಪು ಸವರುತ್ತಿದ್ದಳು. ನಾನು ಸತ್ತೆನೆಂದು ಕೇಳಿ ಅತ್ತವರ ಲೆಕ್ಕವನ್ನು ಎಲ್ಲರೂ ನನಗೆ ಒಪ್ಪಿಸುತ್ತೀರಿ. ಹದಿಮೂರು ವರ್ಷ ಜೊತೆಯಲ್ಲಿ ಕೂತು ಅಳಲು ಯಾರೂ ಇಲ್ಲದೆ ಬದುಕಿದವನನ್ನು ಯಾರೂ ಕೇಳುವುದಿಲ್ಲ. ಕೇಳುವುದು ಬೇಡ. ನಾನೇ ಮಾಡಿಕೊಂಡದ್ದು.

ಬರುವುದಿಲ್ಲ. ನಿನ್ನ ಮಾತಿನಂತೆ ಸತ್ತೇ ಇರುತ್ತೇನೆ. ತಮ್ರಿನ್ ಒಳ್ಳೆಯವನಾಗಿರಲಿ.

ಲಾ ಸಾಮಿರಿ


ಬಾವುಬಾವು
21 ಜುಲೈ 1994

ಸಾಮಿರಿ,

ನಾನು ಅಸೀನಾ. ನನಗೆ ಬರೆಯೋಕೆ ಬರಲ್ಲ ಅಂತ ನಿನಗೆ ಗೊತ್ತು. ನಾನು ಹೇಳ್ತೀನಿ, ಜಲಿಹಾ ಬರೀತಾಳೆ. ಹೇಳಿದ್ದು ಹೇಳಿದ ಹಾಗೇ ಬರೀಬೇಕು ಅಂತ ಆಣೆ ಹಾಕಿಸಿದೀನಿ. ಮೊದಲು ನಿನಗೆ ನೀವು ಅಂತಿದ್ದೆ. ಹದಿಮೂರು ವರ್ಷ ಕಲ್ಲಿನ ಜೊತೆ ನೀನು ತಾನು ಅಂತಲೇ ಮಾತಾಡಿ ರೂಢಿಯಾಗಿದೆ, ಇನ್ನು ಬದಲಾಯಿಸಲ್ಲ.

ಉಪ್ಪಿಗೆ ಕೈ ಹಾಕಿದಾಗಲೇ ಗೊತ್ತಾಯ್ತು. ಕೂಗಿ ಹೇಳೋಣ ಅನ್ನಿಸ್ತು, ಸಾರಿನ ಪಾತ್ರೆ ನಿನ್ನ ತಲೆ ಮೇಲೆ ಸುರೀಬೇಕು ಅಂತಲೂ ಅನ್ನಿಸ್ತು. ಮೇಷ್ಟ್ರ ಹೆಂಡ್ತಿ ನೆಮ್ಮದಿಯಾಗಿ ಊಟ ಮಾಡ್ತಿದ್ಲು, ಅದಕ್ಕೆ ಸುಮ್ಮನಾದೆ. ಮಾರನೇ ದಿನ ಅಭ್ಯಾಸಬಲ, ಕಲ್ಲಿಗೆ ನೀರು ಹಾಕಿಬಿಟ್ಟೆ. ಆಮೇಲೆ ಅಲ್ಲೇ ನಿಂತು ನಕ್ಕೆ. ಆಮೇಲೆ ಅತ್ತೆ. ನೀನು ಸತ್ತಾಗ ಅತ್ತಿದ್ದಕ್ಕಿಂತ ಜಾಸ್ತಿ ಅತ್ತೆ.

ಮದುವೆ ದಿನದ ಸಂಗತಿ ಕೇಳು. ಜನ ತುಂಬಿದ್ರು. ನಿನ್ನಣ್ಣ ಹೊಸ ಅಂಗೀಲಿ ಕೂತಿದ್ದ. ಅಧಿಕಾರಿ ಕೈಯಲ್ಲಿ ಎರಡು ಕಾಗದ. ಮಗಳು ಅವರನ್ನ ಮೊದಲೇ ಬೇಡಿಕೊಂಡಿದ್ಲಂತೆ, ನಿನ್ನ ಪತ್ರ ಗುಟ್ಟಾಗಿ ಇಟ್ಕೊಂಡು, ಜೋರಾಗಿ ಏನೂ ಹೇಳಬೇಡಿ ಅಂತ. ಪಾಪ ಅವರು ಮುಖ ಕೆಂಪು ಮಾಡ್ಕೊಂಡು ‘ಹುಡುಗಿಯ ತಂದೆ ಗತಿಸಿದ್ದರಿಂದ’ ಅಂತ ಶುರು ಮಾಡಿದ್ರು. ನೀನು ಹಡಗಲ್ಲಿ ಅಡುಗೆಯವನು ಅಂತ, ಮಗಳಿಗೆ ನಿನ್ನ ಕಾಗದ ಬರುತ್ತೆ ಅಂತ ಏಣಿ ಕಾವಲಿನವನು ನನಗೆ ಹೇಳಿದ್ದ, ಆ ಎರಡನೇ ಕಾಗದ ನಿನ್ನದೇ ಅಂತ ಗೊತ್ತಾಯ್ತು. ನಾನು ಎದ್ದು ನಿಂತೆ.

‘ಅದನ್ನ ಓದಬೇಡಿ. ಗತಿಸಿಲ್ಲ. ಬದುಕಿದಾನೆ. ಹಡಗಲ್ಲಿ ಅನ್ನ ಬೇಯಿಸ್ತಿದಾನೆ. ಇನ್ನೊಂದು ಕಾಗದ ಅವನದು, ಅದನ್ನ ಓದಿ.’

ಜಲಿಹಾ ಅಮ್ಮಾ ಅಂತ ಕಿರುಚಿದ್ಲು. ‘ಸುಮ್ನಿರು. ಹದಿಮೂರು ವರ್ಷ ನಾನು ಸುಳ್ಳಿನ ಮುಂದೆ ಕೂತಿದ್ದು ಸಾಕು. ನಿನ್ನ ಸಂಸಾರ ಸುಳ್ಳಿಂದ ಶುರುವಾಗೋದು ಬೇಡ’ ಅಂದೆ. ಅಧಿಕಾರಿ ನಿನ್ನ ಪತ್ರ ಓದಿದ್ರು. ನಿನ್ನಣ್ಣ ತಮ್ರಿನ್ ಕೈ ಹಿಡಿದು ಮದುವೆ ಮಾಡಿಸಿದ. ತಮ್ರಿನ್ ಒಂದೇ ಉಸಿರಿಗೆ ಒಪ್ಪಿದೆ ಅಂದ, ಹಿಂದೆ ಮುಂದೆ ನೋಡಲಿಲ್ಲ. ಅವನ ತಾಯಿ ನನ್ನ ಪಕ್ಕ ಬಂದು ಕೂತ್ರು.

ಆ ಐದು ಮನೇಲಿ ಮೂರು ಮನೆಯವರು ಊಟ ಮಾಡದೆ ಎದ್ದು ಹೋದ್ರು. ಅವರ ಮೇಲೆ ನನಗೆ ಕೋಪ ಇಲ್ಲ. ಅವರ ಗಂಡಂದಿರು ಯಾರೂ ವಾಪಸು ಬರಲಿಲ್ಲ. ಮೀನಿನ ಪೇಟೇಲಿ ಆಡ್ಕೋತಾರೆ. ನಾನೂ ನಾಲ್ಕು ಮಾತು ವಾಪಸು ಕೊಡ್ತೀನಿ, ವ್ಯಾಪಾರ ಏನೂ ಕಮ್ಮಿಯಾಗಿಲ್ಲ. ಕಲ್ಲು ಕಿತ್ತು ಹಾಕಿಸಿದೆ. ನಿನ್ನ ಸರೋಂಗು ಮಣ್ಣಾಗಿತ್ತು.

ಈಗ ಮುಖ್ಯವಾದ ಮಾತು. ನಮ್ಮ ಮದುವೆ ದಿನ ನೀನು ಎಲ್ಲರ ಮುಂದೆ ಒಂದು ಮಾತು ಓದಿದ್ದೆ. ನಾನು ಎರಡು ವರ್ಷ ಹೆಂಡತೀನ ಬಿಟ್ಟು ಹೋದ್ರೆ, ಅವಳು ಒಪ್ಪದೆ ಕೋರ್ಟಲ್ಲಿ ದೂರು ಹೇಳಿದ್ರೆ, ಅವಳಿಗೆ ತಲಾಕ್ ಬೀಳಲಿ ಅಂತ. ಆವತ್ತು ನೀನು ಬೇಗ ಬೇಗ ಓದಿದೆ, ಊಟಕ್ಕೆ ಹೊತ್ತಾಗಿತ್ತು. ಸತ್ತವನ ಮೇಲೆ ದೂರು ಹೇಳೋಕಾಗಲ್ಲ. ಬದುಕಿದೀಯಲ್ಲ, ಈಗ ಆಗುತ್ತೆ. ಹೋದ ವಾರ ನಾನೇ ಕೋರ್ಟಿಗೆ ನಡ್ಕೊಂಡು ಹೋಗಿ ದೂರು ಹೇಳಿ ಬಂದೆ. ಅಲ್ಲಿನ ಹುಡುಗ ‘ಯಜಮಾನರ ವಿಳಾಸ ಏನಮ್ಮ?’ ಅಂದ. ಗುರುವಾರ ಬಂದರಲ್ಲಿರ್ತಾನೆ ಅಂದೆ. ಅದಕ್ಕೆ ಆಗಸ್ಟ್ ಹದಿನೆಂಟರ ಗುರುವಾರ ಹತ್ತು ಗಂಟೆಗೆ ವಿಚಾರಣೆ ಇಟ್ಟಿದಾರೆ. ನಿನ್ನ ಹಡಗಿಗೆ ತಪ್ಪಲ್ಲ, ಬಂದರಿಂದ ಹತ್ತು ನಿಮಿಷದ ದಾರಿ. ಕನ್ನಡಕ ಬೇಡ.

ನೀನು ಬರದಿದ್ರೂ ನನ್ನ ಕೆಲಸ ಆಗುತ್ತಂತೆ, ಸ್ವಲ್ಪ ನಿಧಾನ ಅಷ್ಟೇ. ಆದ್ರೂ ಬಾ. ಗಂಡ ಸತ್ತ ಅಂತ ಊರೆಲ್ಲ ಸೇರಿದಾಗ ನಾನು ಒಬ್ಬಳೇ ಕೂತಿದ್ದೆ ಸಾಮಿರಿ. ಬಿಡುಗಡೆ ಆಗೋವಾಗಲಾದ್ರೂ ನೀನು ಎದುರಿಗೆ ಕೂತಿರಬೇಕು.

ವಾ ಅಸೀನಾ